ಹೊನ್ನಾರು, ಆಯುಧಪೂಜೆ, ಮೇ ದಿನ: ಮಂಡ್ಯ ಸೀಮೆಯ ದುಡಿಮೆಯ ಹಬ್ಬಗಳು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ದುಡಿಮೆಯ ಹೆಸರಿನಲ್ಲಿ ಮೂರು ಆಚರಣೆಗಳಿವೆ: ಯುಗಾದಿಯಂದು ಹೂಡುವ ಹೊನ್ನಾರು, ನವರಾತ್ರಿಯ ಆಯುಧಪೂಜೆ, ಮೇ 1ರ ಕಾರ್ಮಿಕ ದಿನ. ಮೊದಲೆರಡು ಈ ನೆಲದ ಹಬ್ಬಗಳು, ಮೂರನೆಯದು ಹೊರಗಿನಿಂದ ಬಂದದ್ದು ಎಂಬ ಅಭಿಪ್ರಾಯ ಬಹುಕಾಲದಿಂದ ಬೇರೂರಿದೆ. ಹೊನ್ನಾರೇ ಹಳ್ಳಿಗಾಡಿನ ಕಾರ್ಮಿಕ ದಿನ ಎಂದು ವಾದಿಸುವವರೂ ಇದ್ದಾರೆ. ಆ ವಾದಕ್ಕಿರುವ ಆಧಾರ ಹೊನ್ನಾರಿನ ಆಚರಣೆಯೊಂದೇ. ಅದನ್ನೂ ಅರ್ಧ ಮಾತ್ರ ಓದಲಾಗಿದೆ.

ಯುಗಾದಿಯ ದಿನ ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ನೊಗ ನೇಗಿಲುಗಳಿಗೆ ಮಾವಿನ ಸೊಪ್ಪು ಕಟ್ಟುತ್ತಾರೆ. ಆ ವರ್ಷ ಯಾರ ಹೆಸರಿನಲ್ಲಿ ಮೊದಲ ಆರು ಹೂಡಬೇಕು, ಎತ್ತಿನ ಬಣ್ಣ ಯಾವುದಿರಬೇಕು ಎಂಬುದನ್ನು ಪಂಚಾಂಗ ನೋಡಿ ತೀರ್ಮಾನಿಸುತ್ತಾರೆ. ಆ ಮನೆಯ ನೇಗಿಲು ಮುಂದೆ ಹೋದರೆ ಉಳಿದವು ಅದರ ಹಿಂದೆ ಸಾಲುಗಟ್ಟುತ್ತವೆ. ನಾಲ್ಕು ಸಾಲು ಉತ್ತು, ಕಾಯಿ ಒಡೆದು ಹಿಂತಿರುಗಿದ ಎತ್ತುಗಳಿಗೆ ಹೆಣ್ಣುಮಕ್ಕಳು ಬಾಗಿಲಲ್ಲಿ ಆರತಿ ಎತ್ತುತ್ತಾರೆ. ಎತ್ತು ಕಡಿಮೆಯಾದ ಊರುಗಳಲ್ಲಿ ಈಗ ಟ್ರ್ಯಾಕ್ಟರಿಗೂ ಮಾವಿನ ಸೊಪ್ಪು ಸಿಗುತ್ತಿದೆ. ವಿವರಣಕಾರರಲ್ಲಿ ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ ‘ದುಡಿಮೆಯ ಪೂಜೆ’ ಎಂದು ಷರಾ ಬರೆಯುತ್ತಾರೆ.

ಅದೇ ಯುಗಾದಿ ಜೀತದ ವರ್ಷದ ಲೆಕ್ಕಕ್ಕೂ ಗಡಿಯಾಗಿತ್ತು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಆಳನ್ನು ಯುಗಾದಿಯಿಂದ ಯುಗಾದಿಗೆ ಗೊತ್ತುಮಾಡುತ್ತಿದ್ದರು. ಇಷ್ಟು ರಾಗಿ, ಇಷ್ಟು ಹಣ, ಒಂದು ಕಂಬಳಿ, ಒಂದು ಜೊತೆ ಮೆಟ್ಟು ಎಂಬ ಬಗೆಯ ಕರಾರು ಆ ಹೊತ್ತಿಗೆ ಮುಗಿಯುತ್ತಿತ್ತು, ಇಲ್ಲವೇ ತೀರದ ಸಾಲದ ಮೇಲೆ ಇನ್ನೊಂದು ವರ್ಷಕ್ಕೆ ಮುಂದುವರಿಯುತ್ತಿತ್ತು. ಹೀಗಾಗಿ ಹೊನ್ನಾರಿನ ಮೊದಲ ಸಾಲು ಒಕ್ಕಲು ಮನೆಗೆ ಬೇಸಾಯದ ಆರಂಭವಾದರೆ ಜೀತದಾಳಿಗೆ ಮತ್ತೊಂದು ವರ್ಷದ ಕಟ್ಟಿನ ಆರಂಭ. ಪಂಚಾಂಗ ಹುಡುಕುತ್ತಿದ್ದುದು ಎತ್ತು, ನೇಗಿಲು, ಹೊಲ ಇರುವ ಮನೆಯ ಹೆಸರನ್ನು. ವರ್ಷವಿಡೀ ಮೇಣಿ ಹಿಡಿದು ಉತ್ತವನ ಹೆಸರನ್ನಲ್ಲ. ಗುಳ, ನೊಗ, ಮೇಣಿಗಳನ್ನೆಲ್ಲ ಬಿಡದೆ ಪಟ್ಟಿಮಾಡಿದ ಸಂಗ್ರಾಹಕರು ಆಳಿನ ಕರಾರನ್ನು ಮಾತ್ರ ಹೇಗೆ ಬಿಟ್ಟರು ಎಂಬುದು ಸೋಜಿಗದ ಸಂಗತಿ. 1976ರ ಜೀತ ನಿರ್ಮೂಲನಾ ಕಾಯ್ದೆಯ ತನಕ ಇದು ಕಣ್ಣಿಗೆ ಕಾಣುವಂತೆಯೇ ಇದ್ದ ವ್ಯವಸ್ಥೆ.

ಇದಕ್ಕೆ ಒಂದು ಆಕ್ಷೇಪ ಏಳಬಹುದು: ಸಲಕರಣೆಗೆ ಸಂದ ಗೌರವ ಅದನ್ನು ಹಿಡಿದ ಕೈಗೂ ಸಂದಂತೆಯೇ ಅಲ್ಲವೇ? ಎತ್ತಿನ ಉದಾಹರಣೆಯನ್ನೇ ನೋಡಬಹುದು. ಸೋಮವಾರ ಬಸವನ ವಾರ. ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಸಂಕ್ರಾಂತಿಯಂದು ಅವುಗಳನ್ನು ಸಿಂಗರಿಸಿ, ಮೆರೆಸಿ, ಕಿಚ್ಚು ಹಾಯಿಸುತ್ತಾರೆ. ವಾರಕ್ಕೊಂದು ಬಿಡುವು, ವರ್ಷಕ್ಕೊಂದು ಉತ್ಸವ ಎತ್ತಿಗೆ ದಕ್ಕಿದೆ. ಆದರೆ ಸೋಮವಾರವೂ ಕೊಟ್ಟಿಗೆ ಬಾಚಬೇಕು, ಹುಲ್ಲು ಹಾಕಬೇಕು, ನೀರು ಕುಡಿಸಬೇಕು. ಎತ್ತಿನ ಬಿಡುವಿನ ದಿನದ ಕೆಲಸವೂ ಆಳಿನದೇ. ಪೂಜೆ ಬೇರೆ, ಬಿಡುವು ಬೇರೆ. ಕಾರ್ಮಿಕ ದಿನದ ಚರಿತ್ರೆ ಬರೆಯುವವರು ಎರಡನೆಯದನ್ನು ಹುಡುಕಬೇಕು. ಹಾಗೆ ಹುಡುಕಿದರೆ ಈ ಸೀಮೆಯಲ್ಲಿ ಸಿಗುವುದು ಯುಗಾದಿಯ ಮಾರನೆಯ ದಿನದ ಹೊಸತೊಡಕು. ವರ್ಷವಿಡೀ ಚೀಟಿ ಕಟ್ಟಿ, ಕುರಿ ತಂದು, ಗುಡ್ಡೆಬಾಡು ಹಂಚಿಕೊಂಡು, ಜೂಜಾಡಿ ಕಳೆಯುವ ಆ ದಿನ ಹೊಲದ ಕಡೆ ತಲೆ ಹಾಕುವವರು ವಿರಳ. ಅದಕ್ಕೆ ಪಂಚಾಂಗದ ಮುದ್ರೆಯಿಲ್ಲ, ಬಾಡಿನ ವಾಸನೆಯಿದೆ. ವಿದ್ವಾಂಸರ ಉಪೇಕ್ಷೆಗೆ ಇದೇ ಕಾರಣವಿದ್ದೀತು.

ಆಯುಧಪೂಜೆಯ ವಿಷಯದಲ್ಲಿ ತಪ್ಪು ಬೇರೆ ಬಗೆಯದು. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರಾ ಉತ್ಸವದ ಖಡ್ಗಪೂಜೆಯೇ ಕಾರ್ಖಾನೆಗೂ ಇಳಿದು ಬಂತು ಎನ್ನುವುದು ವಾಡಿಕೆಯ ವಿವರಣೆ. ಕಮ್ಮಾರರೂ ಬಡಗಿಗಳೂ ತಮ್ಮ ಸಲಕರಣೆ ಪೂಜಿಸಲು ಅರಮನೆಯ ಮಾದರಿಗಾಗಿ ಕಾಯಬೇಕಿರಲಿಲ್ಲ. ಕಾವೇರಿ ನಾಲೆಯ ನೀರಿನಿಂದ ಕಬ್ಬು ಹಬ್ಬಿ, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ನೆಲೆಗೊಂಡಾಗ ಒಳಬಂದ ಕೆಲಸಗಾರರು ಹಳ್ಳಿಯಿಂದ ಬಂದವರೇ. ಯಂತ್ರ ನಿಲ್ಲಿಸಿ, ಕುಂಕುಮ ಇಟ್ಟು, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚುವ ಹಬ್ಬ ಕಾರ್ಮಿಕರಲ್ಲಿ ಗಟ್ಟಿಯಾಗಲು ಭಕ್ತಿಯ ಜೊತೆಗೆ ಲೆಕ್ಕದ ಕಾರಣವೂ ಇದೆ. 1965ರ ಬೋನಸ್ ಪಾವತಿ ಕಾಯ್ದೆ ತಂದ ನಿಯಮದಂತೆ ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಬೋನಸ್ ಕೊಡಬೇಕು; ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವ ಕಾರ್ಖಾನೆಗೆ ನವೆಂಬರ್ 30 ಕೊನೆಯ ದಿನ. ಕನಿಷ್ಠ ಶೇ. 8.33ರಷ್ಟಾದರೂ ಕೈಗೆ ಬರಬೇಕಾದ ಆ ಹಣ ಸಹಜವಾಗಿಯೇ ದಸರಾ, ದೀಪಾವಳಿಗಳ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮೇ 1ಕ್ಕೆ ಅಂಥ ಯಾವ ಕಾಸೂ ಅಂಟಿಕೊಂಡಿಲ್ಲ.

ಎಂಟು ಗಂಟೆಯ ದುಡಿಮೆಗಾಗಿ 1886ರ ಮೇ 1ರಂದು ಅಮೆರಿಕದಲ್ಲಿ ನಡೆದ ಮುಷ್ಕರ, ಷಿಕಾಗೋದ ರಕ್ತಪಾತ, 1889ರ ಪ್ಯಾರಿಸ್ ಸಮ್ಮೇಳನದ ಕರೆ ಎಲ್ಲರೂ ಬಲ್ಲ ಸಂಗತಿಗಳು. ಭಾರತದಲ್ಲಿ ಮೊದಲ ಮೇ ದಿನವನ್ನು 1923ರಲ್ಲಿ ಮದರಾಸಿನ ಕಡಲ ದಂಡೆಯಲ್ಲಿ ಕಾರ್ಮಿಕ ನಾಯಕ ಸಿಂಗಾರವೇಲು ಆಚರಿಸಿದರು. ಕೆಂಬಾವುಟದ ಪ್ರಸ್ತಾಪಕ್ಕೆ ಸಿಗುವ ಗಮನ ಅಲ್ಲಿಯ ಒಂದು ನಿರ್ಣಯಕ್ಕೆ ಸಿಕ್ಕಿಲ್ಲ: ಸರ್ಕಾರ ಮೇ ದಿನವನ್ನು ರಜೆಯೆಂದು ಘೋಷಿಸಬೇಕೆಂಬ ಕೋರಿಕೆ. ಅಂದರೆ ಬಿಡುವಿನ ಬೇಡಿಕೆ ಆರಂಭದಲ್ಲೇ ಇತ್ತು. ಭಾರತೀಯ ಮಜ್ದೂರ್ ಸಂಘ ಮೇ ದಿನದ ಬದಲಿಗೆ ಸೆಪ್ಟೆಂಬರಿನ ವಿಶ್ವಕರ್ಮ ಜಯಂತಿಯನ್ನು ಕಾರ್ಮಿಕ ದಿನವೆಂದು ಆಚರಿಸುತ್ತ ಬಂದಿದೆ. ಅದು ಎತ್ತುವ ದೇಶಿ–ವಿದೇಶಿ ಪ್ರಶ್ನೆಗೆ ಕರ್ನಾಟಕದ ಕಾನೂನು ಕೊಡುವ ಉತ್ತರವನ್ನು ಗಮನಿಸಿದವರು ಕಡಿಮೆ.

ರಾಜ್ಯದ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ) ಕಾಯ್ದೆ 1963ರದು. ಅದರ 3ನೇ ಸೆಕ್ಷನ್ ರಜೆಗಳನ್ನು ಎರಡು ಸಾಲಾಗಿ ಇಡುತ್ತದೆ. ಕಾಯ್ದೆಯ ಈಚಿನ ರೂಪದಲ್ಲಿ ಮೊದಲ ಸಾಲಿನಲ್ಲಿ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಇವೆ. ಇವನ್ನು ಯಾರೂ ಕದಲಿಸುವಂತಿಲ್ಲ. ಎರಡನೇ ಸಾಲಿನ ಐದು ಹಬ್ಬಗಳನ್ನು ಮಾಲೀಕರ ಮತ್ತು ನೌಕರರ ಸಮಾಲೋಚನೆಯ ಮೇಲೆ ಗೊತ್ತುಮಾಡಬೇಕು. ಆಯುಧಪೂಜೆ ಬರುವುದು ಇಲ್ಲಿ. ಹೊರಗಿನದೆನಿಸಿಕೊಂಡ ದಿನ ಗಣರಾಜ್ಯೋತ್ಸವದ ಪಕ್ಕದಲ್ಲಿ ಕೂತಿದೆ, ನೆಲದ ಹಬ್ಬ ಪ್ರತಿ ಕಾರ್ಖಾನೆಯಲ್ಲೂ ಒಪ್ಪಂದದ ಮೇಲೆ ನಿಂತಿದೆ. ಆ ದಿನಗಳಲ್ಲಿ ಕೆಲಸ ಮಾಡಿಸಿಕೊಂಡರೆ ಎರಡರಷ್ಟು ಕೂಲಿ, ಇಲ್ಲವೇ ಕೂಲಿಯೊಂದಿಗೆ ಬದಲಿ ರಜೆ ಕೊಡಬೇಕು.

ಈ ಕಾಯ್ದೆಯನ್ನು ಕೊಂಡಾಡುವ ಕಾರ್ಮಿಕ ಚರಿತ್ರಕಾರರೂ ಅದರ ಅಂಚನ್ನು ನೋಡುವುದಿಲ್ಲ. ಕಾರ್ಖಾನೆ, ಪ್ಲಾಂಟೇಷನ್, ಅಂಗಡಿ ಅದರ ವ್ಯಾಪ್ತಿಯೊಳಗಿವೆ, ಹೊಲ ಇಲ್ಲ. ಸಕ್ಕರೆ ಕಾರ್ಖಾನೆಯ ಫಿಟ್ಟರನಿಗೆ ರಜೆಯಿದೆ, ಅಲ್ಲಿಗೆ ಕಬ್ಬು ಕಡಿದು ಲೋಡು ಮಾಡುವವರಿಗೆ ಟನ್ನಿನ ಲೆಕ್ಕದ ಕೂಲಿ. ಕಡಿಯದ ದಿನ ಕೂಲಿಯಿಲ್ಲ. ಆಲೆಮನೆಗಳಲ್ಲಿ ಗಾಣಕ್ಕೆ ಕಬ್ಬು ಕೊಡುವವರು, ಒಲೆಗೆ ರಚ್ಚು ತುಂಬುವವರು, ಕೊಪ್ಪರಿಗೆಯ ಪಾಕ ನೋಡುವವರು ಈಚೆಗೆ ಹೆಚ್ಚಾಗಿ ಉತ್ತರ ಪ್ರದೇಶ, ಬಿಹಾರಗಳ ಕಡೆಯವರು. ಬೆಂಕಿ ಹಚ್ಚಿದ ಮೇಲೆ ಅವರ ದಿನವನ್ನು ಅಳೆಯುವುದು ಗಡಿಯಾರವಲ್ಲ, ಪಾಕ.

ಮೇ ದಿನದ ಅರ್ಥ ಈ ಸೀಮೆಯಲ್ಲಿ ಬದಲಾದದ್ದು ಈ ಅಂಚಿನಲ್ಲಿಯೇ. ಮಳವಳ್ಳಿ, ಮದ್ದೂರು ಕಡೆ ಕೃಷಿ ಕೂಲಿಕಾರರ ಸಂಘಟನೆ ಬೆಳೆದು, 2005ರ ಉದ್ಯೋಗ ಖಾತರಿ ಕಾಯ್ದೆ 100 ದಿನದ ಕೆಲಸವನ್ನು ಹಕ್ಕಾಗಿಸಿದ ಮೇಲೆ ಕೂಲಿಕಾರರ ಮುಖ್ಯ ಬೇಡಿಕೆ ಕೆಲಸದ ದಿನಗಳನ್ನು ಹೆಚ್ಚಿಸಿ ಎಂಬುದಾಯಿತು. ಷಿಕಾಗೋದವರು ಕೇಳಿದ್ದು ಕೆಲಸದ ಗಂಟೆಗಳನ್ನು ಕಡಿಮೆ ಮಾಡಿ ಎಂದು. ಅಂಗನವಾಡಿ, ಬಿಸಿಯೂಟದ ಹೆಣ್ಣುಮಕ್ಕಳು ಕೇಳುತ್ತಿರುವುದು ಇನ್ನೊಂದು: ಗೌರವಧನ ಪಡೆಯುವ ತಮ್ಮನ್ನು ಮೊದಲು ಕಾರ್ಮಿಕರೆಂದು ಒಪ್ಪಿಕೊಳ್ಳಿ ಎಂದು. ಎಂಟು ಗಂಟೆಯ ಹಳೆಯ ಪ್ರಶ್ನೆ ಗಾರ್ಮೆಂಟ್ ಕಾರ್ಖಾನೆಗಳ ಮೂಲಕ ಮರಳಿದೆ. ಒಪ್ಪಿಗೆಯ ಮೇಲೆ ದಿನಕ್ಕೆ 12 ಗಂಟೆಯವರೆಗೆ ದುಡಿಸಲು, ಹೆಂಗಸರನ್ನು ರಾತ್ರಿ ಪಾಳಿಗೆ ತೆಗೆದುಕೊಳ್ಳಲು ದಾರಿ ಮಾಡಿದ ತಿದ್ದುಪಡಿಯನ್ನು ಕರ್ನಾಟಕದ ವಿಧಾನಮಂಡಲ ಅಂಗೀಕರಿಸಿದ್ದು 2023ರ ಫೆಬ್ರುವರಿಯಲ್ಲಿ. ವಾರದ ಮಿತಿ 48 ಗಂಟೆಯಾಗಿಯೇ ಉಳಿಯಿತು. ನಸುಕಿನಲ್ಲೇ ಎದ್ದು ಅಡುಗೆ ಮುಗಿಸಿ ಕಾರ್ಖಾನೆಯ ವ್ಯಾನು ಹತ್ತುವ ಹಳ್ಳಿಯ ಹೆಂಗಸರ ಪ್ರಯಾಣದ ಹೊತ್ತು ಆ ಮಿತಿಯ ಲೆಕ್ಕಕ್ಕೆ ಸೇರಿಲ್ಲ.