ನೆರಳು ಕಡಿದವರ ಕಥೆ

ಖೈತಾನಿನ ಮನೆಗೆ ಊರಿಂದ ಬರುವ ಫೋನಿನಲ್ಲಿ ಈಚೆಗೆ ತಮ್ಮನದು ಒಂದೇ ಪ್ರಶ್ನೆ: ತೋಟದ ನೆರಳಿನ ಮರಗಳನ್ನು ಕಡಿದು ಮಾರೋಣವೇ? ದುಡ್ಡೇನೋ ಬರುತ್ತದೆ. ಆದರೆ ಮಲೆನಾಡು ಇದೇ ಲೆಕ್ಕವನ್ನು ಒಮ್ಮೆ ಹಾಕಿ ಸೋತಿದೆ.

ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮನ್ನಿನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಗಿಡ ಅರಬರ ಕಡೆಯಿಂದ ಬಂತು. ಅದನ್ನು ಕೊರೆದ ಹುಳು ನಮ್ಮ ಸೀಮೆಯದೇ. ತೋಟದವರು ಅದನ್ನು ಬಿಳಿ ಕಾಂಡಕೊರಕ ಎನ್ನುತ್ತಾರೆ. ಉದ್ದ ಮೀಸೆಯ ದುಂಬಿಗಳ ಕುಟುಂಬಕ್ಕೆ ಸೇರಿದ್ದರೂ ಇದರ ಮೀಸೆ ಗಿಡ್ಡ. ಕಪ್ಪು ಮೈಮೇಲೆ ಬಿಳಿ ಪಟ್ಟೆಗಳು.

ಹೆಣ್ಣು ದುಂಬಿ ಬಿಸಿಲು ಬೀಳುವ ಕಾಂಡವನ್ನು ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಮೊದಲು ತೊಗಟೆಯಡಿ ಮೇಯ್ದು, ಆಮೇಲೆ ಕಟ್ಟಿಗೆಯೊಳಗೆ ಇಳಿಯುತ್ತದೆ. ತಾನು ಕೊರೆದ ದಾರಿಯನ್ನು ಹಿಂದಿನಿಂದ ಪುಡಿಯಿಂದಲೇ ಮುಚ್ಚಿಕೊಳ್ಳುವುದರಿಂದ ಹೊರಗೆ ತೂತು ಕಾಣದು, ಪುಡಿಯೂ ಉದುರದು. ಕಾಂಡದ ಮೇಲೆ ಉಬ್ಬು ಗೆರೆಗಳೆದ್ದು, ಎಲೆ ಹಳದಿಯಾದಾಗಲೇ ಗೊತ್ತಾಗುವುದು. ತಿಂಗಳುಗಟ್ಟಲೆ ಒಳಗಿದ್ದು ಏಪ್ರಿಲ್-ಮೇಯಲ್ಲೋ, ಅಕ್ಟೋಬರಿನಿಂದ ಡಿಸೆಂಬರಿನೊಳಗೋ ದುಂಬಿಯಾಗಿ ಹಾರುತ್ತದೆ.

19ನೇ ಶತಮಾನದ ಬ್ರಿಟಿಷ್ ಪ್ಲಾಂಟರುಗಳು ಕೊಡಗಿನಲ್ಲಿ ಕಾಡು ಸವರಿ, ಬಯಲು ಬಿಸಿಲಲ್ಲಿ ಅರೇಬಿಕಾ ನೆಟ್ಟರು. 1860ರ ದಶಕದಲ್ಲಿ ಕೊರಕ ತೋಟ ತೋಟಗಳನ್ನೇ ಒಣಗಿಸಿತು. ಆಗ ತನಿಖೆ ನಡೆಸಿದ ಮದರಾಸಿನ ವೈದ್ಯ ಜಾರ್ಜ್ ಬೈಡಿಯವರ ವರದಿ 1869ರಲ್ಲಿ ಅಚ್ಚಾಯಿತು. ಹುಳುವಿನ ಹಾವಳಿಗೂ ನೆರಳಿಲ್ಲದ ತೋಟಕ್ಕೂ ಇರುವ ನಂಟನ್ನು ಅವರು ತೋರಿಸಿಕೊಟ್ಟರು. ಕಡಿದ ಕೈಗಳೇ ಮತ್ತೆ ನೆರಳು ಬೆಳೆಸಬೇಕಾಯಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಈ ಹುಳು ಅಷ್ಟಾಗಿ ಒಗ್ಗದ ರೋಬಸ್ಟಾ ಅನೇಕರ ಆಸರೆಯಾಯಿತು. ಅರೇಬಿಕಾ ಬಿಡದವರಿಗೆ ಇಂದಿಗೂ ನೆರಳೇ ಮೊದಲ ಕಾವಲು.

ಕೊಲ್ಲಿಯ ಖರ್ಜೂರಕ್ಕೂ ಇದೇ ಕುಟುಂಬದ ಕೊರಕವೊಂದಿದೆ. ಅದರ ಮರಿಹುಳು ಗರಿಯ ಬುಡ, ಕಾಂಡಗಳನ್ನು ಕೊರೆಯುತ್ತದೆ. ಆರೈಕೆ ತಪ್ಪಿದ ಮರಕ್ಕೆ ಅದರ ಕಾಟ ಹೆಚ್ಚು. ಅಲ್ಲಿ ಕಾಫಿ, ಇಲ್ಲಿ ಖರ್ಜೂರ. ಒಂದೊಂದು ಹುಳುವಿಗೆ ಒಂದೊಂದು ಮರದ ಋಣ.

ತಮ್ಮನಿಗೆ ಹೇಳಿದೆ: "ಮರ ಇರಲಿ ಕಣೋ. ದುಂಬಿ ಹಾರುವ ಮೊದಲು ಗೆರೆಯೆದ್ದ ಗಿಡ ಕಿತ್ತು ಸುಡು. ದುಡ್ಡು ನಾನು ಕಳಿಸುತ್ತೇನೆ." ದುಡ್ಡನ್ನು ಇಲ್ಲಿಂದ ಕಳಿಸಬಹುದು, ನೆರಳನ್ನು ಕಳಿಸಲಾಗದು.