ಲಿಟಲ್ ಪಿಜನ್ ತೊರೆಯ ಮೊದಲ ಒಕ್ಕಲುಗಳು

ಅಮೆರಿಕಾ ಸಂಯುಕ್ತ ಸಂಸ್ಥಾನದ ಇಂಡಿಯಾನಾ ಪ್ರಾಂತದ ದಕ್ಷಿಣಭಾಗದಲ್ಲಿ, ಒಹಾಯೋ ಮಹಾನದಿಯ ಉತ್ತರಕ್ಕೆ, ಲಿಟಲ್ ಪಿಜನ್ ಎಂಬ ತೊರೆಯ ಆಸುಪಾಸಿನಲ್ಲಿ ಕಾಡು ಕಡಿದು ನೆಲೆನಿಂತ ಮೊದಲ ಒಕ್ಕಲುಗಳ ಚರಿತ್ರೆಗೆ ಶಿಲಾಶಾಸನಗಳ ಆಧಾರವಿಲ್ಲ. ಅವರು ಸರ್ಕಾರದಿಂದ ನೆಲವನ್ನು ಕೊಂಡಾಗ ಗುಮಾಸ್ತನೊಬ್ಬನು ನಿರ್ವಿಕಾರಚಿತ್ತದಿಂದ ಬರೆದಿಟ್ಟ ಲೆಕ್ಕದ ಪುಸ್ತಕವೇ ಅದಕ್ಕೆ ಪರಮ ಪ್ರಮಾಣ. ಆ ಒಕ್ಕಲುಗಳಲ್ಲಿ ಥಾಮಸ್ ಲಿಂಕನ್ ಒಬ್ಬನು. ಅವನ ಮಗ ಅಬ್ರಹಾಮನು ಮುಂದೆ ರಾಷ್ಟ್ರಾಧ್ಯಕ್ಷನಾದ ಕಾರಣ, ಈ ಮೂಲೆಯ ಕಾಗದಪತ್ರಗಳಿಗೆ ಅನ್ಯ ಹಳ್ಳಿಗಳಿಗೆ ದೊರೆಯದ ವಿದ್ವಾಂಸರ ಶ್ರದ್ಧೆ ದೊರೆತಿದೆ.

ಥಾಮಸನು ಮೊದಲಿದ್ದ ಕೆಂಟಕಿಯಲ್ಲಿ ನೆಲದ ಚಕ್ಕುಬಂದಿಯೆಂದರೆ ಇಂಥ ಮರದಿಂದ ಇಂಥ ಹಳ್ಳದ ತಿರುವಿನವರೆಗೆ ಎಂಬ ಬಗೆಯದು. ಮರ ಉರುಳಿದರೆ ವ್ಯಾಜ್ಯ, ಒಂದೇ ಭೂಮಿಗೆ ಹಲವರು ಹಕ್ಕುದಾರರು. 1816ರ ಚಳಿಗಾಲದಲ್ಲಿ ಅವನು ಸಂಸಾರಸಮೇತನಾಗಿ ನದಿ ದಾಟಿದುದಕ್ಕೆ ಗುಲಾಮಗಿರಿಯು ಒಂದು ಕಾರಣವಾದರೂ ಈ ಹಕ್ಕಿನ ತೊಡಕೇ ಮುಖ್ಯಕಾರಣವೆಂದು ಮಗನೇ ಬರೆದಿದ್ದಾನೆ. ಜೀವನಚರಿತ್ರಕಾರರಿಗೆ ಮೊದಲನೆಯದೇ ಹೆಚ್ಚು ಪ್ರಿಯವಾದುದು ಸಹಜ. ಇಂಡಿಯಾನಾದಲ್ಲಾದರೋ, 1785ರ ಶಾಸನದ ಕ್ರಮದಂತೆ, ಮಾರಾಟಕ್ಕೆ ಮುನ್ನವೇ ಮೋಜಣಿ ನಡೆದು, ಆರು ಮೈಲಿ ಚೌಕದ ಒಂದೊಂದು ಟೌನ್‌ಷಿಪ್ಪೂ 640 ಎಕರೆಗಳ 36 ಸೆಕ್ಷನ್ನುಗಳಾಗಿ ವಿಭಾಗಗೊಂಡಿದ್ದಿತು.

1817ರ ಅಕ್ಟೋಬರ್ 15ರಂದು ವಿನ್ಸೆನ್ಸ್ ಪಟ್ಟಣದ ಭೂಕಚೇರಿಯಲ್ಲಿ ಥಾಮಸನು 32ನೆಯ ಸೆಕ್ಷನ್ನಿನ ನೈರುತ್ಯ ಕಾಲುಭಾಗವನ್ನು, ಎಂದರೆ 160 ಎಕರೆಯನ್ನು, ಎಕರೆಗೆ ಎರಡು ಡಾಲರಿನಂತೆ ತನ್ನ ಹೆಸರಿಗೆ ಬರೆಯಿಸಿ 16 ಡಾಲರು ಕಟ್ಟಿದನು. ಡಿಸೆಂಬರಿನಲ್ಲಿ ಮತ್ತೆ 64 ಡಾಲರು ಸಂದು ಕಾಲುಪಾಲು ಕ್ರಯ ಪೂರೈಸಿತು. ಉಳಿದ ಹಣಕ್ಕೆ ಕಂತುಗಳಿದ್ದುವು. 1819ರ ಆರ್ಥಿಕ ಕ್ಷೋಭೆಯಲ್ಲಿ ಇಂಥ ಸಾಲಗಾರರು ಎಲ್ಲೆಡೆಯೂ ಕಂಗೆಡಲು, ಮರುವರ್ಷ ಸರ್ಕಾರವು ಸಾಲದ ಮಾರಾಟವನ್ನೇ ನಿಲ್ಲಿಸಿ ಎಕರೆಯ ಬೆಲೆಯನ್ನು 1.25 ಡಾಲರಿಗಿಳಿಸಿತು. ಥಾಮಸನು ಕಡೆಗೆ ಪೂರ್ವಾರ್ಧವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟು, ಪಶ್ಚಿಮಾರ್ಧದ 80 ಎಕರೆಗೆ ಮಾತ್ರ 1827ರ ಜೂನಿನಲ್ಲಿ ಪಟ್ಟೆಯನ್ನು, ಎಂದರೆ ಸರ್ಕಾರದ ಹಕ್ಕುಪತ್ರವನ್ನು, ಪಡೆದನು.

ವಂಶಶೋಧಕರು ಮುಗ್ಗರಿಸುವುದು ಇಲ್ಲಿಯೇ. ಅಂದವಾದ ಬರವಣಿಗೆಯ, ಅಂದಿನ ರಾಷ್ಟ್ರಾಧ್ಯಕ್ಷರ ಹೆಸರು ಹೊತ್ತ ಪಟ್ಟೆಯೊಂದನ್ನೇ ನೋಡಿದವನು ಈ ಕುಟುಂಬವು 1827ರಲ್ಲಿ ಬಂದಿತೆಂದು ಬರೆದಾನು. 1818ರಲ್ಲಿಯೇ ಆ ನೆಲದ ಬಳಿ ಮಣ್ಣಾದ ಥಾಮಸನ ಹೆಂಡತಿ ನ್ಯಾನ್ಸಿಯ ಸುಳಿವು ಅದರಲ್ಲಿ ಎಲ್ಲಿಯದು? ಕೊಂಡವನ ಹೆಸರಲ್ಲದೆ ಹೆಂಡತಿ ಮಕ್ಕಳ ಹೆಸರನ್ನು ಭೂಕಚೇರಿಯ ಲೆಕ್ಕದ ಪುಸ್ತಕಗಳೂ ಸಾಮಾನ್ಯವಾಗಿ ಹೇಳುವುದಿಲ್ಲ. ಆದರೆ ಸೆಕ್ಷನ್ನಿನ ಕ್ರಮದಲ್ಲಿ ಬರೆದ ಪುಸ್ತಕದಲ್ಲಿ ಸುತ್ತಣ ತುಂಡುಗಳನ್ನು ಕೊಂಡವರೆಲ್ಲರೂ ಒಂದೆಡೆ ಕಾಣಸಿಗುತ್ತಾರೆ; ಹಳೆಯ ಊರಿನಿಂದ ಜೊತೆಗೂಡಿ ಬಂದ ಭಾವಮೈದುನರೂ ಮುಂದಿನ ಬೀಗರೂ ಬಹುಮಟ್ಟಿಗೆ ಅವರೇ. ಇನ್ನೊಂದು ಉಪಕಾರವೂ ಉಂಟು: ಈ ನೆಲವಿರುವ ಸ್ಪೆನ್ಸರ್ ಎಂಬ ಕೌಂಟಿ ಹುಟ್ಟಿದುದೇ 1818ರಲ್ಲಿ, ಎಂದರೆ ಥಾಮಸನ ಕ್ರಯದ ಮರುವರ್ಷ; ಕೌಂಟಿಯ ಹೆಸರು ಬದಲಾದರೂ ಸೆಕ್ಷನ್ನಿನ ಅಂಕೆ ಮಾತ್ರ ಬದಲಾಗದು.

ಕೇಂದ್ರಸರ್ಕಾರದ ಈ ಪುಸ್ತಕಗಳು ಮೊದಲ ಮಾರಾಟವನ್ನಷ್ಟೇ ಬಲ್ಲುವು. 1830ರಲ್ಲಿ ಲಿಂಕನ್ ಕುಟುಂಬವು ಇಲಿನಾಯ್ ಪ್ರಾಂತಕ್ಕೆ ಹೊರಟುಹೋದಂತೆ, ಕೊಂಡ ನೆಲವನ್ನು ಮಾರಿ ಪಶ್ಚಿಮಕ್ಕೆ ನಡೆದವರ ಜಾಡನ್ನು ಕೌಂಟಿಯ ಕ್ರಯಪತ್ರಗಳಲ್ಲಿ ಅರಸಬೇಕು.