ವರ್ಡ್‌ಪ್ರೆಸ್ ಮುಖಪುಟದಲ್ಲಿ ಯಾವ ಬರಹ ಕಾಣಬೇಕು? ನಿರ್ಧರಿಸುವ ಹುಕ್ ಇದು

2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ಹೊರತಂದ ವರ್ಡ್‌ಪ್ರೆಸ್, ಬೇರೇನೂ ಹೇಳದಿದ್ದರೆ ಮುಖಪುಟದಲ್ಲಿ ಇತ್ತೀಚಿನ 10 ಬರಹ ತೋರಿಸುತ್ತದೆ. ಸಂಖ್ಯೆ ಬದಲಿಸಲು ಸೆಟ್ಟಿಂಗ್ಸ್ ಸಾಕು. ಆದರೆ ಅಡುಗೆ ವಿಭಾಗದ ಬರಹ ಮುಖಪುಟಕ್ಕೆ ಬೇಡ ಎನ್ನಲು ಅಲ್ಲಿ ಆಯ್ಕೆ ಇಲ್ಲ.

ಅದಕ್ಕಿರುವುದೇ 'ಪ್ರಿ ಗೆಟ್ ಪೋಸ್ಟ್ಸ್' ಎಂಬ ಹುಕ್ (ಕೋಡ್‌ನಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ). ಹುಕ್ ಎಂದರೆ ಮೂಲ ಕಡತ ಮುಟ್ಟದೆಯೇ ನಮ್ಮ ಕೋಡ್ ಸೇರಿಸಲು ವರ್ಡ್‌ಪ್ರೆಸ್ ಬಿಟ್ಟುಕೊಟ್ಟ ಜಾಗ. ಡೇಟಾಬೇಸ್‌ಗೆ ಕ್ವೆರಿ ಹೋಗುವ ಮುನ್ನವೇ ಅದು ನಮ್ಮ ಫಂಕ್ಷನ್ ಕೈಗೆ ಸಿಗುತ್ತದೆ. ಬೇಡದ ವಿಭಾಗದ ಐಡಿ ಸೂಚಿಸಿದರೆ ಆಯಿತು. ಹಳೆಯ 'ಕ್ವೆರಿ ಪೋಸ್ಟ್ಸ್' ದಾರಿಯಲ್ಲಿ ಒಂದು ಕ್ವೆರಿ ಮುಗಿದ ಮೇಲೆ ಮತ್ತೊಂದು ಓಡುತ್ತದೆ. ಸರ್ವರ್‌ಗೆ ದಂಡದ ಕೆಲಸ.

ಹೆಚ್ಚಿನವರು ಎಡವುವುದು ಷರತ್ತು ಮರೆತು. ಈ ಹುಕ್ ಮುಖಪುಟಕ್ಕಷ್ಟೇ ಅಲ್ಲ, ವಿಜೆಟ್‌ಗೂ ಡ್ಯಾಶ್‌ಬೋರ್ಡ್ ಪಟ್ಟಿಗೂ ಅನ್ವಯ. ಹಾಗಾಗಿ ಅಡ್ಮಿನ್ ಪುಟದಲ್ಲೂ ಬರಹಗಳು ಮಾಯವಾಗಿ, ಎಲ್ಲ ಅಳಿಸಿಹೋಯಿತೆಂದು ಗಾಬರಿಯಾಗುವುದುಂಟು. 'ಈಸ್ ಅಡ್ಮಿನ್' ಅಲ್ಲ, 'ಈಸ್ ಮೇನ್ ಕ್ವೆರಿ' ಹೌದು, 'ಈಸ್ ಹೋಮ್' ಹೌದು ಎಂಬ ಮೂರನ್ನೂ ಪರೀಕ್ಷಿಸಿಯೇ ಮುಂದುವರಿಯಬೇಕು.

ಕೋಡ್ ಅನ್ನು ಥೀಮ್‌ನ ಫಂಕ್ಷನ್ಸ್ ಕಡತದಲ್ಲಿಟ್ಟರೆ ಥೀಮ್ ಅಪ್‌ಡೇಟ್ ಆದಾಗ ಅಳಿಸಿಹೋಗುತ್ತದೆ. ಚೈಲ್ಡ್ ಥೀಮ್ ಅಥವಾ ಪುಟ್ಟ ಪ್ಲಗಿನ್ ಸುರಕ್ಷಿತ.

ಅಂದಹಾಗೆ, ಮುಖಪುಟದಿಂದ ತೆಗೆದ ಬರಹ ಗುಟ್ಟಾಗಿ ಉಳಿಯುವುದಿಲ್ಲ. ಲಿಂಕ್ ಇದ್ದವರಿಗೆ, ಸೈಟ್‌ನಲ್ಲಿ ಹುಡುಕುವವರಿಗೆ ಸಿಗುತ್ತಲೇ ಇರುತ್ತದೆ. ನಿಜಕ್ಕೂ ಮುಚ್ಚಿಡಬೇಕಿದ್ದರೆ ಅದನ್ನು 'ಪ್ರೈವೇಟ್' ಮಾಡಬೇಕು.